ಮನೆಗೂ ಕೊಟ್ಟಿಗೆಗೂ ಒಂದೇ ಕೊರತೆ

ಬೇಸಿಗೆ ಮುಗಿಯುತ್ತ ಬಂದಿರುತ್ತದೆ. ಹುಲ್ಲಿನ ಬಣವೆ ಅರ್ಧಕ್ಕಿಳಿದಿರುತ್ತದೆ, ದನಗಳ ಬಾಯಿಗೆ ಹಸಿರು ಬಿದ್ದು ತಿಂಗಳುಗಳೇ ಆಗಿರುತ್ತವೆ. ಅಂಥ ದಿನಗಳಲ್ಲಿ ಸಂಜೆ ಮನೆಗೆ ಮರಳುವ ಕರುವೊಂದು ಕೊಟ್ಟಿಗೆಯ ಕಂಬಕ್ಕೆ ಹಾಯುತ್ತದೆ, ಗೋದಲಿಯ ಅಂಚು ಎಡವುತ್ತದೆ, ದಾರಿಯ ನಡುವೆ ಸುಮ್ಮನೆ ನಿಂತುಬಿಡುತ್ತದೆ. ಹಗಲಲ್ಲಿ ಅದೇ ಕರು ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಹಾಗಾಗಿ ‘ಮಂಕು ಕರು’ ಎಂದು ಗದರಿ ಎಲ್ಲರೂ ಮರೆಯುತ್ತಾರೆ. ಅದೇ ಮನೆಯಲ್ಲಿ ಮೂರು ವರ್ಷದ ಮಗು ಮುಸ್ಸಂಜೆಯಾಯಿತೆಂದರೆ ಆಟ ಬಿಟ್ಟು ಅಮ್ಮನ ಸೆರಗು ಹಿಡಿಯುತ್ತದೆ, ಮುಂದಿಟ್ಟ ತಟ್ಟೆಯನ್ನು ಕೈಯಿಂದ ತಡಕುತ್ತದೆ. ಕತ್ತಲೆಂದರೆ ಹೆದರಿಕೆ ಇರಬೇಕು ಎಂದುಕೊಳ್ಳುತ್ತಾರೆ. ಎರಡು ಕಡೆಯೂ ಆಗಿರುವುದು ಒಂದೇ. ಮಂದ ಬೆಳಕಿನಲ್ಲಿ ಕಾಣುವ ಶಕ್ತಿಯನ್ನು ಕಣ್ಣಿಗೆ ಕೊಡುವ ವಿಟಮಿನ್ ಎ ಮೈಯಲ್ಲಿ ಬತ್ತಿದೆ.

ವಿಟಮಿನ್‌ಗಳು ಒಟ್ಟು 13: ಎ, ಸಿ, ಡಿ, ಇ, ಕೆ ಮತ್ತು ಬಿ ಗುಂಪಿನ 8. ದಿನಕ್ಕೆ ಬೇಕಾಗುವುದು ಮಿಲಿಗ್ರಾಂ, ಮೈಕ್ರೋಗ್ರಾಂ ಲೆಕ್ಕದಲ್ಲಿ. ಅಷ್ಟು ಕಡಿಮೆ ಬೇಕಾದ ವಸ್ತುವೂ ಸಿಗದೆ ಹೋಗುವುದು ಹೇಗೆ ಎಂದು ಹುಡುಕಿದರೆ ಬಹುಪಾಲು ಸಂದರ್ಭದಲ್ಲಿ ಉತ್ತರ ಊಟದ ಏಕತಾನದಲ್ಲಿ ಸಿಗುತ್ತದೆ. ಮನುಷ್ಯರಿಗೆ ಮೂರು ಹೊತ್ತೂ ಒಂದೇ ಧಾನ್ಯ, ದನಕ್ಕೆ ವರ್ಷವಿಡೀ ಒಂದೇ ಒಣಹುಲ್ಲು, ನಾಯಿಗೆ ದಿನವೂ ಹಾಲನ್ನ. ಹೊಟ್ಟೆ ತುಂಬಿರುತ್ತದೆ, ಹಸಿವಿನ ದೂರು ಇರುವುದಿಲ್ಲ. ಅದಕ್ಕೇ ಈ ಕೊರತೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಮನೆಯವರ ಆರೋಗ್ಯವನ್ನೂ ಸಾಕಿದ ಪ್ರಾಣಿಗಳ ಆರೋಗ್ಯವನ್ನೂ ಒಟ್ಟಿಗೇ ಇಟ್ಟು ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಕೋಳಿ, ಇಲಿಗಳಿಂದ ಕಲಿತದ್ದು

ಈ ತಿಳಿವಳಿಕೆಯ ದೊಡ್ಡ ಪಾಲು ಬಂದದ್ದೇ ಪ್ರಾಣಿಗಳಿಂದ. 1890ರ ದಶಕದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಜಾವಾದ ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತದಲ್ಲಿ, ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಕಾಲು ಸೋಲುವುದು, ಮೈ ಬಾಯುವುದು, ಕೊನೆಗೆ ಹೃದಯ ನಿಲ್ಲುವುದು ಅದರ ಲಕ್ಷಣ. ರೋಗಾಣುವೇ ಕಾರಣ ಎಂದು ಆಗ ಬಹಳ ಮಂದಿ ನಂಬಿದ್ದರು. ಐಕ್ಮನ್ ಸಾಕಿದ್ದ ಕೋಳಿಗಳಿಗೂ ಇದ್ದಕ್ಕಿದ್ದಂತೆ ಕಾಲು ಸೋತಿತು. ಕೆಲವು ತಿಂಗಳ ನಂತರ ಅವು ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ನಡುವಿನ ಆ ತಿಂಗಳುಗಳಲ್ಲಿ ಕೋಳಿಗಳಿಗೆ ಅಲ್ಲಿಯ ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಪಾಲಿಶ್ ಅಕ್ಕಿಯ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅಕ್ಕಿಯನ್ನು ಕೋಳಿಗೆ ಕೊಡುವುದಿಲ್ಲ ಎಂದ. ಮತ್ತೆ ತೌಡು ಇರುವ ಒರಟು ಅಕ್ಕಿ ಬಂತು, ಕೋಳಿಗಳು ಎದ್ದು ನಿಂತವು. ತೌಡಿನಲ್ಲಿದ್ದದ್ದು ಇಂದು ನಾವು ಬಿ1 ಎನ್ನುವ ಥಯಾಮಿನ್. ಈ ಕೆಲಸಕ್ಕಾಗಿ ಐಕ್ಮನ್‌ಗೆ 1929ರಲ್ಲಿ ನೊಬೆಲ್ ಬಂತು.

ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ಇದೇ ಬೆರಿಬೆರಿಯ ಸಂಶೋಧನೆಗೆಂದು ಒಂದು ಕೋಣೆಯ ಪ್ರಯೋಗಾಲಯ ಶುರುವಾಯಿತು. ಅದನ್ನು ಕಟ್ಟಿದವರು ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್. ಅದೇ ಮುಂದೆ 1958ರಲ್ಲಿ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿ ಬೆಳೆಯಿತು. ಭಾರತದ ಬೇರೆ ಬೇರೆ ಜನರ ದಿನನಿತ್ಯದ ಊಟವನ್ನು ಮೆಕ್‌ಕ್ಯಾರಿಸನ್ ಇಲಿಗಳ ಗುಂಪುಗಳಿಗೆ ತಿನ್ನಿಸಿ ನೋಡಿದರು. ಆ ಪಟ್ಟಿಯಲ್ಲಿ ಕನ್ನಡಿಗರ ಊಟವೂ ಇತ್ತು. ಇಡಿ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಸೊಪ್ಪು ಇದ್ದ ಸಿಖ್ಖರ ಊಟ ಉಂಡ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಪಾಲಿಶ್ ಅಕ್ಕಿಯನ್ನೇ ಹೆಚ್ಚಾಗಿ ನೆಚ್ಚಿದ್ದ ಮದ್ರಾಸ್ ಕಡೆಯ ಊಟದ ಇಲಿಗಳು ಸೊರಗಿದವು. ಇದು ಒಂದು ಜನಕ್ಕಿಂತ ಇನ್ನೊಂದು ಜನ ಮೇಲು ಎಂಬ ಲೆಕ್ಕವಲ್ಲ. ಅನ್ನದ ಪಕ್ಕದಲ್ಲಿ ಏನಿದೆ ಎಂಬುದರ ಲೆಕ್ಕ. ಆ ಪ್ರಶ್ನೆಯನ್ನು ಇಂದಿನ ನಮ್ಮ ತಟ್ಟೆಗೂ ಕೇಳಿಕೊಳ್ಳಬೇಕು.

ಹಸಿರು ಸಿಗದಿದ್ದರೆ

ವಿಟಮಿನ್ ಎ ಕೊರತೆ ಮಕ್ಕಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲು ಇರುಳುಗುರುಡು. ಆಮೇಲೆ ಕಣ್ಣಿನ ಬಿಳಿಭಾಗ ಹೊಳಪು ಕಳೆದುಕೊಂಡು ಒಣಗುತ್ತದೆ, ಅದರ ಮೇಲೆ ನೊರೆಯಂಥ ಬೂದುಬಿಳಿ ಚುಕ್ಕೆ ಏಳುತ್ತದೆ. ವೈದ್ಯರು ಬಿಟಾಟ್ ಚುಕ್ಕೆ ಎನ್ನುವುದು ಇದನ್ನೇ. ಇಲ್ಲಿಯವರೆಗೂ ಪೂರ್ತಿ ಸರಿಮಾಡಬಹುದು. ಇದನ್ನೂ ದಾಟಿ ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಮೆತ್ತಗಾಗಿ ಹುಣ್ಣಾದರೆ ದೃಷ್ಟಿ ಮರಳುವುದಿಲ್ಲ. ದಡಾರ ಬಂದ ಮಗುವಿನಲ್ಲಿ ಈ ಕೊನೆಯ ಮೆಟ್ಟಿಲು ಕೆಲವೇ ದಿನಗಳಲ್ಲಿ ಬರಬಹುದು. ಆದ್ದರಿಂದ ದಡಾರ, ಬಿಡದ ಭೇದಿ, ತೀವ್ರ ಅಪೌಷ್ಟಿಕತೆ ಇರುವ ಮಗುವಿನ ಕಣ್ಣನ್ನು ತಪ್ಪದೆ ವೈದ್ಯರಿಗೆ ತೋರಿಸಬೇಕು.

ಸರ್ಕಾರ 1970ರಿಂದಲೇ ಮಕ್ಕಳಿಗೆ ವಿಟಮಿನ್ ಎ ದ್ರಾವಣ ಕುಡಿಸುತ್ತ ಬಂದಿದೆ. 9 ತಿಂಗಳಿಗೆ ದಡಾರದ ಲಸಿಕೆಯ ಜೊತೆ 1 ಲಕ್ಷ ಯೂನಿಟ್, ಒಂದೂವರೆ ವರ್ಷದ ಸುಮಾರಿಗೆ 2 ಲಕ್ಷ, ಅಲ್ಲಿಂದ 5 ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ. ಒಟ್ಟು 9 ಸಲ. ಮೊದಲ ಎರಡು ಸಲ ಲಸಿಕೆಯ ನೆಪದಲ್ಲಿ ಸಿಕ್ಕಿಬಿಡುತ್ತದೆ. ಮಗು ಓಡಾಡಲು ಕಲಿತ ಮೇಲಿನ ಸರದಿಗಳು ತಪ್ಪಿಹೋಗುವುದೇ ಹೆಚ್ಚು. ಇಂದೇ ತಾಯಿ ಕಾರ್ಡ್ ತೆಗೆದು ನೋಡಿ, ಖಾಲಿ ಬಿಟ್ಟಿರುವ ಸಾಲು ಇದ್ದರೆ ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ಕೇಳಿ.

ಅಡುಗೆಮನೆಯಲ್ಲಿ ಇದಕ್ಕೆ ದೊಡ್ಡ ಖರ್ಚಿಲ್ಲ. ನುಗ್ಗೆ, ದಂಟು, ಹರಿವೆ, ಬಸಳೆ, ಮೆಂತ್ಯ, ಹೊನಗೊನ್ನೆ ಯಾವುದಾದರೂ ಆದೀತು. ಕುಂಬಳಕಾಯಿ, ಪಪ್ಪಾಯಿ, ಮಾವಿನಹಣ್ಣು, ಕ್ಯಾರೆಟ್‌ನಲ್ಲೂ ಇದೆ. ಇವುಗಳಲ್ಲಿರುವ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜೊತೆಯಲ್ಲಿ ಎಣ್ಣೆಯೋ ತುಪ್ಪವೋ ಇರಲೇಬೇಕು. ಬರಿ ನೀರಲ್ಲಿ ಬೇಯಿಸಿದ ಸೊಪ್ಪಿಗಿಂತ ಒಗ್ಗರಣೆ ಬಿದ್ದ ಪಲ್ಯ ಈ ವಿಷಯದಲ್ಲಿ ಮೇಲು. ಹಾಲು, ತುಪ್ಪ, ಮೊಟ್ಟೆಯ ಹಳದಿಯಲ್ಲಿ ವಿಟಮಿನ್ ಎ ಸಿದ್ಧವಾಗಿಯೇ ಇರುತ್ತದೆ. ಒಂದು ಎಚ್ಚರಿಕೆಯ ಮಾತು: ‘ವಿಟಮಿನ್ ಸೊಪ್ಪು’ ಎಂದು ಹೆಸರಾದ ಚಕ್ರಮುನಿ ಸೊಪ್ಪನ್ನು ಬೇಯಿಸಿ ಅಡುಗೆಗೆ ಬಳಸಿದರೆ ಒಳ್ಳೆಯದೇ. ಹಸಿಯಾಗಿ ಅರೆದು ಲೋಟಗಟ್ಟಲೆ ರಸ ಕುಡಿಯಬೇಡಿ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಹಾಗೆ ಕುಡಿದ ಅನೇಕರ ಶ್ವಾಸಕೋಶ ಶಾಶ್ವತವಾಗಿ ಕೆಟ್ಟಿತು.

ಈಗ ಕೊಟ್ಟಿಗೆಗೆ ಬರೋಣ. ಹಸು, ಎಮ್ಮೆ, ಕುರಿ, ಮೇಕೆ ಎಲ್ಲವೂ ಹಸಿರು ಮೇವಿನ ಕ್ಯಾರೊಟಿನ್ ನಂಬಿ ಬದುಕುವಂಥವು. ಒಳ್ಳೆಯ ಮಳೆಗಾಲ ಮೇಯ್ದ ಹಸು ತನ್ನ ಪಿತ್ತಜನಕಾಂಗದಲ್ಲಿ ಮೂರು ನಾಲ್ಕು ತಿಂಗಳಿಗಾಗುವಷ್ಟು ವಿಟಮಿನ್ ಎ ಕೂಡಿಟ್ಟುಕೊಳ್ಳುತ್ತದೆ. ಆ ದಾಸ್ತಾನು ಮುಗಿಯುವುದು ಸರಿಯಾಗಿ ಬೇಸಿಗೆಯ ಹೊತ್ತಿಗೆ. ಬಿಸಿಲಲ್ಲಿ ಬಿಳಚಿಕೊಂಡ ಭತ್ತದ ಹುಲ್ಲು, ರಾಗಿ ಹುಲ್ಲು, ಜೋಳದ ಕಣಿಕೆಯಲ್ಲಿ ಕ್ಯಾರೊಟಿನ್ ಇಲ್ಲವೆನ್ನುವಷ್ಟು ಕಡಿಮೆ. ಪರೀಕ್ಷೆ ಸುಲಭ: ಒಣಮೇವನ್ನು ಕೈಯಲ್ಲಿ ಹಿಡಿದಾಗ ಇನ್ನೂ ಹಸಿರು ಛಾಯೆ ಉಳಿದಿದ್ದರೆ ಒಂದಿಷ್ಟು ಕ್ಯಾರೊಟಿನ್ ಉಳಿದಿದೆ, ಪೂರ್ತಿ ಹೊಂಬಣ್ಣಕ್ಕೆ ತಿರುಗಿದ್ದರೆ ಹೋಗಿದೆ. ಹುಲ್ಲಿಗೆ ಯೂರಿಯಾ ಉಪಚಾರ ಮಾಡಿದವರು ಎಲ್ಲ ಕೊರತೆಯೂ ನೀಗಿತು ಎಂದುಕೊಳ್ಳುವುದುಂಟು. ಅದರಿಂದ ಸಾರಜನಕ ಸಿಗುತ್ತದೆ, ವಿಟಮಿನ್ ಎ ಸಿಗುವುದಿಲ್ಲ.

ಕೊರತೆಯಾದ ದನದ ಕಣ್ಣಲ್ಲಿ ನೀರು ಸೋರುತ್ತಿರುತ್ತದೆ, ರೋಮ ಒರಟಾಗಿ ನಿಲ್ಲುತ್ತದೆ, ಕರುಗಳಿಗೆ ಭೇದಿಯೂ ಕೆಮ್ಮೂ ಮತ್ತೆ ಮತ್ತೆ ಬರುತ್ತದೆ, ಕೆಲವಕ್ಕೆ ಸೆಳವೂ ಬರುತ್ತದೆ. ಗಬ್ಬದ ಹಸುವಿಗೆ ಕೊರತೆಯಿದ್ದರೆ ಕರು ಬಲಹೀನವಾಗಿಯೋ ಕುರುಡಾಗಿಯೋ ಹುಟ್ಟಬಹುದು, ಈದ ಮೇಲೆ ಸತ್ತೆ ಬೀಳುವುದು ತಡವಾಗಬಹುದು. ಬಾಳಂತಿ ಹಸುವಿಗೆ ಬೆಲ್ಲ, ಬಿಸಿನೀರು ಎಂದು ಉಪಚರಿಸುವ ಮನೆಗಳು ಈಯುವುದಕ್ಕೆ ಮೊದಲಿನ ಎರಡು ತಿಂಗಳು ಅದರ ಮುಂದೆ ಹಸಿರು ಇಟ್ಟಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು.

ಕರುವಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಗರ್ಭದಲ್ಲಿರುವಾಗ ತಾಯಿಯಿಂದ ಕರುವಿಗೆ ವಿಟಮಿನ್ ಎ ತೀರಾ ಕಡಿಮೆ ದಾಟುತ್ತದೆ, ರೋಗನಿರೋಧಕ ಕಣಗಳಂತೂ ದಾಟುವುದೇ ಇಲ್ಲ. ಎರಡೂ ಸಿಗುವುದು ಗಿಣ್ಣದ ಹಾಲಿನಲ್ಲಿ. ಹಳದಿಗಟ್ಟಿದ ಆ ಮಂದ ಹಾಲನ್ನು ಕೈಯಲ್ಲಿ ಮುಟ್ಟಿ ನೋಡಿದವರಿಗೆ ಅದರ ಅಂಟು ಗೊತ್ತು. ಬಣ್ಣ ಬಂದಿರುವುದು ಕ್ಯಾರೊಟಿನ್‌ನಿಂದ. ಕರು ಹುಟ್ಟಿದ ಮೊದಲ ಎರಡು ಗಂಟೆಯೊಳಗೆ ಅದು ಹೊಟ್ಟೆ ಸೇರಬೇಕು. ಹೊತ್ತು ಕಳೆದಂತೆ ಕರುಳು ಆ ನಿರೋಧಕ ಕಣಗಳನ್ನು ಒಳಗೆ ಬಿಟ್ಟುಕೊಳ್ಳುವುದನ್ನು ನಿಲ್ಲಿಸುತ್ತ ಹೋಗುತ್ತದೆ, ಒಂದು ದಿನ ಕಳೆದರೆ ಬಾಗಿಲು ಮುಚ್ಚಿದಂತೆಯೇ. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಪಾಲು, ಅಂದರೆ 25 ಕೆಜಿ ಕರುವಿಗೆ ಎರಡೂವರೆ ಲೀಟರ್ ಗಿಣ್ಣದ ಹಾಲು ಎರಡು ಮೂರು ಸಲವಾಗಿ ಕುಡಿಸಬೇಕು. ಸತ್ತೆ ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಎಂಬ ರೂಢಿ ಕೆಲವು ಊರುಗಳಲ್ಲಿ ಇನ್ನೂ ಇದೆ. ದಯವಿಟ್ಟು ಅದನ್ನು ಬಿಡಿ. ಕರು ಮೊಲೆಗೆ ಬಾಯಿ ಹಾಕಿದರೆ ಸತ್ತೆ ಬೀಳಲೂ ಸಹಾಯವೇ. ನೆರೆಹೊರೆಗೆ ಗಿಣ್ಣು ಹಂಚುವುದು ಚಂದದ ಪದ್ಧತಿ, ಆದರೆ ಹಂಚುವುದು ಕರು ಕುಡಿದು ಉಳಿದದ್ದನ್ನು.

ದೊಡ್ಡ ದನಕ್ಕೆ ದಿನಕ್ಕೆ ಐದಾರು ಕೆಜಿ ಹಸಿಮೇವಾದರೂ ಸಿಕ್ಕರೆ ವಿಟಮಿನ್ ಎ ಚಿಂತೆ ಬಹುಪಾಲು ನೀಗುತ್ತದೆ. ಬಚ್ಚಲ ನೀರು ಹರಿಯುವ ಜಾಗದಲ್ಲಿ ನಾಲ್ಕು ಸಾಲು ನೇಪಿಯರ್, ಬೇಲಿಯಲ್ಲಿ ಅಗಸೆ, ನುಗ್ಗೆ, ನೀರಾವರಿ ಇದ್ದವರು ಕುದುರೆ ಮಸಾಲೆ ಸೊಪ್ಪು ಹಾಕಿಕೊಳ್ಳಬಹುದು. ಮಳೆಗಾಲದ ಮೆಕ್ಕೆಜೋಳವನ್ನು ಹಸಿರಿರುವಾಗಲೇ ಕೊಚ್ಚಿ ಗಾಳಿಯಾಡದಂತೆ ತುಳಿದು ರಸಮೇವು ಮಾಡಿಟ್ಟರೆ ಏಪ್ರಿಲ್, ಮೇ ತಿಂಗಳಲ್ಲಿ ಕೈಹಿಡಿಯುತ್ತದೆ. ಏನೂ ಇಲ್ಲದ ಬರಗಾಲದಲ್ಲಿ ಪಶುವೈದ್ಯರು ವಿಟಮಿನ್ ಎ ಚುಚ್ಚುಮದ್ದು ಕೊಡುತ್ತಾರೆ. ಮನೆಯ ಬೆಕ್ಕಿಗೆ ಮಾತ್ರ ಈ ಸೊಪ್ಪಿನ ದಾರಿ ಇಲ್ಲ. ಕ್ಯಾರೊಟಿನ್ ಅನ್ನು ವಿಟಮಿನ್ ಎ ಆಗಿ ಬದಲಿಸುವ ಶಕ್ತಿ ಬೆಕ್ಕಿನ ಮೈಗಿಲ್ಲ, ಅದಕ್ಕೆ ಮೀನು, ಮಾಂಸ, ಮೊಟ್ಟೆಯೇ ಬೇಕು.

ಮಣ್ಣಿನಿಂದ ನಮ್ಮ ನರದವರೆಗೆ

ಬಿ12 ಅನ್ನು ಯಾವ ಗಿಡವೂ ತಯಾರಿಸುವುದಿಲ್ಲ, ಯಾವ ಪ್ರಾಣಿಯೂ ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾಗಳಂಥ ಸೂಕ್ಷ್ಮಜೀವಿಗಳಿಗಷ್ಟೇ ಆ ವಿದ್ಯೆ ಗೊತ್ತು. ಮೆಲುಕು ಹಾಕುವ ದನದ ದೊಡ್ಡ ಹೊಟ್ಟೆಯಲ್ಲಿ ಅವು ನೆಲೆಸಿವೆ. ಅವುಗಳಿಗೆ ಕಚ್ಚಾವಸ್ತು ಮೇವಿನ ಮೂಲಕ ಬರುವ ಕೋಬಾಲ್ಟ್, ಮೇವಿಗೆ ಅದು ಬರುವುದು ಮಣ್ಣಿನಿಂದ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಕೆಲವು ಹುಲ್ಲುಗಾವಲುಗಳಲ್ಲಿ ಮೊಣಕಾಲೆತ್ತರ ಹುಲ್ಲಿದ್ದರೂ ಕುರಿಗಳು ಕೃಶವಾಗಿ ಸಾಯುತ್ತಿದ್ದವು. ಅಲ್ಲಿಯ ಮಣ್ಣಿನಲ್ಲಿ ಕೋಬಾಲ್ಟ್ ತೀರಾ ಕಡಿಮೆ ಎಂಬುದು 1930ರ ದಶಕದಲ್ಲಿ ಬಯಲಾಯಿತು. ಚಿಟಿಕೆಯಷ್ಟು ಕೋಬಾಲ್ಟ್ ಕೊಟ್ಟ ಕೂಡಲೇ ಕುರಿಗಳು ಮೈದುಂಬಿಕೊಂಡವು. ಬಿ12 ಎಂಬ ವಸ್ತು ಕೈಗೆ ಸಿಕ್ಕಿದ್ದು ಆಮೇಲೆ, 1948ರಲ್ಲಿ. ದನಕ್ಕೆ ದಿನವೂ ಖನಿಜ ಮಿಶ್ರಣ ಹಾಕಿ ಎಂದು ಪಶುವೈದ್ಯರು ಒತ್ತಿ ಹೇಳುವುದರ ಹಿಂದೆ ಇದೂ ಒಂದು ಕಾರಣ. ಕರೆಯುವ ಹಸುವಿಗೆ ಸುಮಾರು 50 ಗ್ರಾಂ, ಹಿಂಡಿ ಬೂಸಾದ ಜೊತೆ ಕಲಸಿ ಕೊಟ್ಟರಾಯಿತು.

ಸಸ್ಯಾಹಾರಿಗಳಿಗೆ ಬಿ12 ಬರುವುದು ಹಾಲು, ಮೊಸರು, ಮಜ್ಜಿಗೆಯಿಂದ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂಗಿಂತ ತುಸು ಹೆಚ್ಚು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ, ಒಂದು ಮೊಟ್ಟೆಯಲ್ಲಿ ಅದರ ಅರ್ಧದಷ್ಟು. ಕಾಫಿಗೆ ಹಾಕುವ ಎರಡು ಚಮಚ ಹಾಲಿನಿಂದ ಏನೂ ಆಗದು. ಎರಡು ಹಸು ಕಟ್ಟಿದ ಮನೆಯಲ್ಲೇ ಬಿ12 ಕೊರತೆ ಇರುವುದು ನಮ್ಮ ಹಳ್ಳಿಗಳ ಸಂಕಟ. ಬೆಳಿಗ್ಗೆ ಸಂಜೆ ಕರೆದದ್ದೆಲ್ಲ ಡೈರಿಗೆ ಹೋಗುತ್ತದೆ, ಕರೆದ ಹೆಂಗಸು ಕಪ್ಪು ಟೀ ಕುಡಿಯುತ್ತಾಳೆ. ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯ ಬೆಲೆ ನನಗೆ ಗೊತ್ತಿಲ್ಲದ್ದಲ್ಲ. ಆದರೂ ಮನೆಯ ಬಸುರಿ, ಬಾಣಂತಿ, ಮಕ್ಕಳ ಪಾಲೆಂದು ಒಂದು ಲೀಟರ್ ತೆಗೆದಿಟ್ಟೇ ಉಳಿದದ್ದನ್ನು ಡೈರಿಗೆ ಹಾಕಿ.

ಕೊರತೆಯ ಗುರುತುಗಳು ನಿಧಾನವಾಗಿ ಬರುತ್ತವೆ. ಪಿತ್ತಜನಕಾಂಗದಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಖಾಲಿಯಾಗಲೂ ವರ್ಷಗಳೇ ಬೇಕು. ಪಾದದಲ್ಲಿ ಜುಮುಜುಮು, ರಾತ್ರಿ ಅಂಗಾಲು ಉರಿ, ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡಿದ ಹಾಗಾಗುವುದು, ನುಣುಪಾಗಿ ಕೆಂಪಾದ ನಾಲಗೆ, ಮರೆವು, ಬಿಡದ ಸುಸ್ತು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರು, ಗ್ಯಾಸ್ಟ್ರಿಕ್ ಮಾತ್ರೆಯನ್ನು ದಿನವೂ ತಿನ್ನುವವರು, ವಯಸ್ಸಾದವರು, ಹಾಲನ್ನೂ ಬಿಟ್ಟ ಸಸ್ಯಾಹಾರಿಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಂಗಾಲು ಉರಿಯನ್ನು ಸಕ್ಕರೆ ಕಾಯಿಲೆಯ ಲೆಕ್ಕಕ್ಕೇ ಬರೆದುಬಿಟ್ಟರೆ ಬಿ12 ಕೊರತೆ ಕೈತಪ್ಪಿ ಹೋಗುತ್ತದೆ, ನರಕ್ಕಾದ ಹಾನಿ ತಡವಾದಷ್ಟೂ ಸರಿಹೋಗುವುದು ಕಷ್ಟ. ರಕ್ತಹೀನತೆಗೆಂದು ಫೋಲಿಕ್ ಆಮ್ಲದ ಮಾತ್ರೆಯನ್ನಷ್ಟೇ ತಿಂದರೂ ಇದೇ ತೊಂದರೆ. ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರ ಕೆಡುವುದು ನಿಲ್ಲುವುದಿಲ್ಲ.

ಇದಕ್ಕಿಂತ ನೋವಿನ ಸಂಗತಿ ಕೂಸುಗಳದ್ದು. ತಾಯಿಗೆ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ. ಹುಟ್ಟಿದಾಗ ಚುರುಕಾಗಿದ್ದ ಕೂಸು ಆರು ತಿಂಗಳ ನಂತರ ನಗುವುದು ಬಿಡುತ್ತದೆ, ಕುಳಿತುಕೊಳ್ಳುತ್ತಿದ್ದದ್ದು ಮರೆಯುತ್ತದೆ, ಕೂದಲು ತೆಳುವಾಗಿ ಕಂದುತ್ತದೆ, ಬೆರಳ ಗೆಣ್ಣು ಕಪ್ಪಾಗುತ್ತದೆ, ಕೆಲವಕ್ಕೆ ಕೈ ತಲೆ ನಡುಗುತ್ತದೆ. ನೋಡಲು ಮೈತುಂಬಿಕೊಂಡೇ ಇರುವುದರಿಂದ ದೃಷ್ಟಿ ತಾಗಿದೆ ಎಂದು ನಿವಾಳಿಸಿ ಕಾಯುತ್ತಾರೆ. ಕಲಿತದ್ದನ್ನು ಮರೆಯುತ್ತಿರುವ ಕೂಸನ್ನು ಒಂದು ದಿನವೂ ಕಾಯದೆ ಮಕ್ಕಳ ವೈದ್ಯರ ಬಳಿ ಒಯ್ಯಬೇಕು. ಕಾರಣ ಬಿ12 ಆಗಿದ್ದರೆ ಚುಚ್ಚುಮದ್ದು ಬಿದ್ದ ಕೆಲವೇ ದಿನಗಳಲ್ಲಿ ಕೂಸಿನ ಮುಖಕ್ಕೆ ಕಳೆ ಮರಳುತ್ತದೆ.

ಫೋಲಿಕ್ ಆಮ್ಲದ ಬಗ್ಗೆ ಒಂದೇ ಮಾತು. ಕೂಸಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ 28 ದಿನಗಳೊಳಗೆ, ಅಂದರೆ ಬಹಳ ಸಲ ತಾಯಿಗೇ ಗೊತ್ತಾಗುವ ಮೊದಲು. ಆದ್ದರಿಂದ ಮಗು ಬೇಕೆಂದು ತೀರ್ಮಾನಿಸಿದ ದಿನದಿಂದಲೇ ವೈದ್ಯರನ್ನು ಕೇಳಿ ಮಾತ್ರೆ ಶುರುಮಾಡಬೇಕು.

ಮೊರದಲ್ಲಿ ಆರಿಸಿ ಎಸೆದ ಅಕ್ಕಿ

ಪಡಿತರದ ಅಕ್ಕಿ ತಂದ ದಿನ ಜಗುಲಿಯಲ್ಲಿ ಮೊರ ಹಿಡಿದು ಕೂತ ಅಜ್ಜಿಯಂದಿರು ತುಸು ಹಳದಿ ಛಾಯೆಯ, ಉಳಿದವಕ್ಕಿಂತ ನಯವಾಗಿ ಒಂದೇ ಆಕಾರದಲ್ಲಿರುವ ಕಾಳುಗಳನ್ನು ಬೆರಳ ತುದಿಯಲ್ಲಿ ಎತ್ತಿ ಪಕ್ಕಕ್ಕಿಡುತ್ತಾರೆ. ‘ಪ್ಲಾಸ್ಟಿಕ್ ಅಕ್ಕಿ’ ಎಂದು ಅಂಗಳಕ್ಕೆ ಚೆಲ್ಲುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಮತ್ತೆ ಕಾಳಿನ ಆಕಾರಕ್ಕೆ ಒತ್ತಿದ ಸಾರವರ್ಧಿತ ಕಾಳು. 100 ಕೆಜಿ ಅಕ್ಕಿಗೆ 1 ಕೆಜಿಯಂತೆ ಬೆರೆಸಿರುತ್ತಾರೆ. ಹಗುರವಾದ್ದರಿಂದ ಕೆಲವು ನೀರಲ್ಲಿ ತೇಲುತ್ತವೆ, ಅನುಮಾನ ಹೆಚ್ಚುವುದು ಅದರಿಂದಲೇ. ಅಜ್ಜಿಯರ ಕೈಚಳಕದಲ್ಲಿ ಆ ಮನೆಗೆ ಬೇಕಾಗಿದ್ದ ಬಿ12 ಕೋಳಿಯ ಪಾಲಾಗುತ್ತಿದೆ. ಅವರಿಗೆ ಕೂತು ತಿಳಿಸಿ ಹೇಳುವ ಕೆಲಸ ಯಾರೂ ಸರಿಯಾಗಿ ಮಾಡಿಲ್ಲ. ಆರಿಸಬೇಡಿ, ಏಳೆಂಟು ನೀರಲ್ಲಿ ಉಜ್ಜಿ ತೊಳೆಯಬೇಡಿ, ಅನ್ನ ಬಸಿದ ಗಂಜಿಯನ್ನು ಚೆಲ್ಲಬೇಡಿ. ಬಿ ಗುಂಪಿನ ವಿಟಮಿನ್‌ಗಳೆಲ್ಲ ನೀರಲ್ಲಿ ಕರಗುವಂಥವು.

ಕರಾವಳಿಯವರ ಕುಚ್ಚಲಕ್ಕಿ ಈ ವಿಷಯದಲ್ಲಿ ಹಿರಿಯರ ದೊಡ್ಡ ಕೊಡುಗೆ. ಭತ್ತವನ್ನು ಸಿಪ್ಪೆಯೊಂದಿಗೇ ಬೇಯಿಸಿ ಒಣಗಿಸಿದಾಗ ತೌಡಿನ ಬಿ1 ಕಾಳಿನ ಒಳಗೆ ಇಳಿಯುತ್ತದೆ, ಮಿಲ್ಲಿನಲ್ಲಿ ಅಷ್ಟಾಗಿ ಹೋಗುವುದಿಲ್ಲ. ಬೆಳ್ತಿಗೆ ಅನ್ನಕ್ಕೆ ಪೂರ್ತಿ ಹೊರಳಿದ ಮನೆಗಳು ಒಂದು ಹೊತ್ತಾದರೂ ಕುಚ್ಚಲಕ್ಕಿಯ ಗಂಜಿಗೆ ಮರಳಿದರೆ ಲಾಭವೇ. ಬೇಳೆ ಬೇಗ ಬೇಯಲಿ ಎಂದು ಅಡುಗೆ ಸೋಡಾ ಹಾಕುವುದು ಬಿ1ಕ್ಕೆ ಶತ್ರು.

ಉತ್ತರ ಕರ್ನಾಟಕದ ಕಡೆಗೆ ಹೋದರೆ ಜೋಳದ ಮಾತು. ಜೋಳವನ್ನೇ ನೆಚ್ಚಿ ಬೇರೆ ಏನೂ ಸಿಗದ ಬಡವರಲ್ಲಿ, ಬಿ ಗುಂಪಿನ ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರಾ ರೋಗ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ಬೀಳುವ ಕತ್ತು, ಮುಂಗೈ, ಪಾದದ ಚರ್ಮ ಸುಟ್ಟಂತೆ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ ಅದರ ಲಕ್ಷಣ. ಹೈದರಾಬಾದಿನ ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಂಶದ ಕಡೆಗೆ ಬೆರಳು ತೋರಿಸಿದರು. ನಾಯಿಗಳಿಗೂ ಇದೇ ಕೊರತೆಯಿಂದ ನಾಲಗೆ ಕಪ್ಪಾಗುವ ರೋಗ ಬರುತ್ತದೆ. 1937ರಲ್ಲಿ ಅಮೆರಿಕದ ವಿಜ್ಞಾನಿ ಕಾನ್ರಾಡ್ ಎಲ್ವೆಹೆಮ್ ಅದನ್ನು ವಾಸಿಮಾಡಿ ತೋರಿಸಿದ್ದರಿಂದಲೇ ಪೆಲಾಗ್ರಾಕ್ಕೆ ಮದ್ದು ನಯಾಸಿನ್ ಎಂದು ಗೊತ್ತಾದದ್ದು. ಜೋಳದ ರೊಟ್ಟಿಗೆ ಹೆದರಬೇಕಾಗಿಲ್ಲ. ಅದರ ಪಕ್ಕದಲ್ಲಿ ಶೇಂಗಾ ಹಿಂಡಿ, ಕಾಳಿನ ಪಲ್ಯ, ಮೊಸರು ಇರಲಿ. ಶೇಂಗಾದಲ್ಲಿ ನಯಾಸಿನ್ ಹೇರಳವಾಗಿದೆ. ಈಗ ಈ ರೋಗ ಹೆಚ್ಚಾಗಿ ಕಾಣುವುದು ಊಟ ಬಿಟ್ಟು ಕುಡಿಯುವವರಲ್ಲಿ.

ಬಿಸಿಲಿನ ಪಾಲು

ವಿಟಮಿನ್ ಡಿ ಊಟದಲ್ಲಿ ಸಿಗುವುದು ತೀರಾ ಕಡಿಮೆ. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದ್ದರೂ ಅದನ್ನು ಕರುಳು ಹೀರಿಕೊಳ್ಳಲು ಡಿ ಬೇಕು, ಡಿ ತಯಾರಾಗಲು ಚರ್ಮಕ್ಕೆ ಬಿಸಿಲು ಬೇಕು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲೇ ಕೆಲಸಕ್ಕೆ ಬರುವುದು. ಎಳೆಬಿಸಿಲಲ್ಲಿ, ಗಾಜಿನ ಕಿಟಕಿಯ ಹಿಂದಿನ ಬಿಸಿಲಲ್ಲಿ ಡಿ ಹುಟ್ಟಿಸುವ ಕಿರಣ ಇರುವುದಿಲ್ಲವೆಂದೇ ಹೇಳಬೇಕು. ಬೆಳೆಯುವ ಮಕ್ಕಳಿಗೆ ಕಾಲು ಬಿಲ್ಲಾಗುವ ರಿಕೆಟ್ಸ್, ದೊಡ್ಡವರಿಗೆ ಸೊಂಟ, ತೊಡೆಯ ಮೂಳೆನೋವು, ಕೆಳಗೆ ಕೂತು ಏಳಲಾಗದ ಸ್ನಾಯು ದೌರ್ಬಲ್ಯ ಈ ಕೊರತೆಯ ಗುರುತು.

ನಾಯಿ ಬೆಕ್ಕುಗಳಿಗೆ ಈ ಬಿಸಿಲಿನ ದಾರಿಯೂ ಅಷ್ಟಾಗಿ ಇಲ್ಲ. ಅವುಗಳ ಚರ್ಮದಲ್ಲಿ ಡಿ ಸಾಕಷ್ಟು ತಯಾರಾಗುವುದಿಲ್ಲ, ಆಹಾರದಲ್ಲೇ ಬರಬೇಕು. ಹಾಲನ್ನ, ಮೊಸರನ್ನ ಮಾತ್ರ ತಿಂದು ಬೆಳೆದ ದೊಡ್ಡ ತಳಿಯ ನಾಯಿಮರಿಯ ಮುಂಗಾಲು ಹೊರಕ್ಕೆ ಬಾಗುವುದನ್ನು, ಮಣಿಕಟ್ಟು ಊದುವುದನ್ನು ಪಶು ಆಸ್ಪತ್ರೆಗಳಲ್ಲಿ ಕಾಣಬಹುದು. ಮೂಳೆಯಿಲ್ಲದ ಬರಿ ಮಾಂಸ ಹಾಕಿ ಸಾಕಿದರೂ ಕ್ಯಾಲ್ಸಿಯಂ ಕೊರತೆಯಿಂದ ಹೆಚ್ಚುಕಡಿಮೆ ಇದೇ ಗತಿ. ಬೇಯಿಸಿದ ಮೊಟ್ಟೆ, ಮೀನು, ಪಶುವೈದ್ಯರು ಹೇಳಿದ ಪೂರಕ ಅಥವಾ ಮರಿಗಳಿಗೆಂದೇ ಮಾಡಿದ ಸಿದ್ಧ ಆಹಾರ ಬೇಕು. ಹಸಿ ಮೊಟ್ಟೆ ಬೇಡ, ಅದರ ಬಿಳಿಭಾಗ ಬಯೋಟಿನ್ ಎಂಬ ವಿಟಮಿನ್ ಅನ್ನು ಕಟ್ಟಿಹಾಕುತ್ತದೆ.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ವಿಟಮಿನ್ ಸಿ ಅನ್ನು ಹಸು, ಮೇಕೆ, ನಾಯಿ, ಕೋಳಿ ತಾವೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ, ಮಂಗಗಳಿಗೆ, ಗಿನಿಯಿಲಿಗೆ ಆ ಶಕ್ತಿ ಇಲ್ಲ. ವಸಡಿನಲ್ಲಿ ರಕ್ತ, ಗಾಯ ಮಾಯದಿರುವುದು ಕಂಡರೆ ನೆಲ್ಲಿಕಾಯಿ, ಸೀಬೆ, ನಿಂಬೆ, ಮೊಳಕೆಕಾಳು ನೆನಪಾಗಲಿ. ಕೆ ಕೊರತೆಯಿಂದ ಎಳೆಗೂಸುಗಳಿಗೆ ರಕ್ತಸ್ರಾವ ಆಗಬಹುದಾದ್ದರಿಂದ ಹುಟ್ಟಿದ ಕೂಡಲೇ ಆಸ್ಪತ್ರೆಯಲ್ಲಿ ಒಂದು ಚುಚ್ಚುಮದ್ದು ಕೊಡುತ್ತಾರೆ, ಬೇಡವೆನ್ನಬೇಡಿ. ಇಲಿಪಾಷಾಣ ತಿಂದ ನಾಯಿಗೆ ಪಶುವೈದ್ಯರು ಕೊಡುವುದೂ ಬಹಳ ಸಲ ಇದೇ ವಿಟಮಿನ್ ಕೆ. ಕೋಳಿಮರಿಗಳ ಬೆರಳು ಒಳಕ್ಕೆ ಸುರುಟಿಕೊಂಡು ಮೊಣಕಾಲ ಮೇಲೆ ನಡೆಯತೊಡಗಿದರೆ ಬಿ2 ಕೊರತೆ ಇರಬಹುದು, ನುಚ್ಚನ್ನೇ ಹಾಕುವುದು ನಿಲ್ಲಿಸಿ ಸಮತೋಲ ಆಹಾರಕ್ಕೆ ಬದಲಿಸಬೇಕು.

ಮಾತ್ರೆ, ಚುಚ್ಚುಮದ್ದು, ತುರ್ತು ಕರೆ

‘ಶಕ್ತಿಗೆ ಒಂದು ಸೂಜಿ ಹಾಕಿ’ ಎಂದು ಕೇಳುವ ರೂಢಿ ಮನುಷ್ಯರಿಗೂ ದನಗಳಿಗೂ ಅಂಟಿಕೊಂಡಿದೆ. ಸುಸ್ತಿಗೆ ಥೈರಾಯ್ಡ್, ಸಕ್ಕರೆ, ಕ್ಷಯ, ಹುಳು, ಖಿನ್ನತೆ ಹೀಗೆ ನೂರು ಕಾರಣ. ದನ ಬಡಕಲಾದರೆ ಮೊದಲು ಜಂತುಹುಳು, ಉಣ್ಣೆಜ್ವರ ನೋಡಬೇಕು. ಈದ ಒಂದೆರಡು ದಿನದಲ್ಲಿ ಹಸು ಕುತ್ತಿಗೆ ಪಕ್ಕಕ್ಕೆ ತಿರುಗಿಸಿ ಮಲಗಿ ಏಳದಿದ್ದರೆ ಅದು ಹಾಲುಜ್ವರ ಇರಬಹುದು. ಆಗ ಬೇಕಾದದ್ದು ಕ್ಯಾಲ್ಸಿಯಂ, ಅದೂ ಗಂಟೆಗಳ ಒಳಗೆ.

ನೀರಲ್ಲಿ ಕರಗುವ ಬಿ, ಸಿ ಹೆಚ್ಚಾದರೆ ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತವೆ. ಎ ಮತ್ತು ಡಿ ಹಾಗೆ ಹೋಗುವುದಿಲ್ಲ, ಮೈಯಲ್ಲೇ ಕೂಡಿಕೊಂಡು ವಿಷವಾಗುತ್ತವೆ. ವಿಟಮಿನ್ ಡಿ 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲನ್ನು ವಾರಕ್ಕೊಂದು, ಸಾಮಾನ್ಯವಾಗಿ ಎಂಟು ವಾರ ಎಂದು ಬರೆದುಕೊಡುತ್ತಾರೆ. ಅದನ್ನು ದಿನಕ್ಕೊಂದೆಂದು ತಿಳಿದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಮೂತ್ರಪಿಂಡದ ಹಾನಿಯವರೆಗೆ ಹೋಗಬಹುದು. ಡಬ್ಬಿಯ ಮೇಲೆ ವಾರದ ಹೆಸರನ್ನು ಪೆನ್ನಲ್ಲಿ ದೊಡ್ಡದಾಗಿ ಬರೆದಿಡಿ. ಬಸುರಿಯರು ವೈದ್ಯರು ಹೇಳದೆ ವಿಟಮಿನ್ ಎ ಮಾತ್ರೆ ಮುಟ್ಟಬಾರದು, ಕೂಸಿನ ಅಂಗರಚನೆ ಕೆಡುವ ಅಪಾಯವಿದೆ. ಬೆಕ್ಕಿಗೆ ದಿನವೂ ಲಿವರ್ ಮಾತ್ರ ತಿನ್ನಿಸುತ್ತ ಹೋದರೆ ಎ ಮಿತಿಮೀರಿ ಕುತ್ತಿಗೆಯ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಕೊನೆಯದಾಗಿ ಒಂದು ತುರ್ತು ಸಂದರ್ಭ. ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನೋ ಕಣದಲ್ಲಿ ಸಿಕ್ಕ ಜೋಳವನ್ನೋ ಮೇಕೆ, ಕುರಿ, ಕರು ಗಬಗಬ ತಿಂದುಬಿಟ್ಟರೆ ಹೊಟ್ಟೆ ಹುಳಿಯುತ್ತದೆ, ಬಿ1 ತಯಾರಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಬಿ1 ಅನ್ನು ನಾಶಮಾಡುವ ಜೀವಿಗಳು ಹೆಚ್ಚುತ್ತವೆ. ಒಂದೆರಡು ದಿನದಲ್ಲೋ ಇನ್ನೂ ತಡವಾಗಿಯೋ ಪ್ರಾಣಿ ಕುರುಡಾಗಿ ಸುತ್ತುತ್ತದೆ, ಗೋಡೆಗೆ ತಲೆ ಒತ್ತುತ್ತದೆ, ಕತ್ತನ್ನು ಹಿಂದಕ್ಕೆ ಸೆಟೆದು ಆಕಾಶ ನೋಡುವಂತೆ ನಿಲ್ಲುತ್ತದೆ. ಮಾಟ, ಗಾಳಿ ಎಂದು ಹೊತ್ತು ಕಳೆಯಬೇಡಿ. ಮೊದಲ ಗಂಟೆಗಳಲ್ಲೇ ಬಿ1 ಚುಚ್ಚುಮದ್ದು ಬಿದ್ದರೆ ಎಷ್ಟೋ ಪ್ರಾಣಿಗಳು ಉಳಿಯುತ್ತವೆ. ಪಶು ಆಸ್ಪತ್ರೆ ದೂರವಿದ್ದರೆ ಸಂಚಾರಿ ಪಶು ಚಿಕಿತ್ಸಾಲಯದ 1962 ಸಂಖ್ಯೆಗೆ ಕರೆ ಮಾಡಿ. ಏನು ತಿಂದಿತು, ಎಷ್ಟು ತಿಂದಿತು, ಯಾವಾಗ ತಿಂದಿತು, ಹೊಟ್ಟೆ ಉಬ್ಬಿದೆಯೇ, ಮೆಲುಕು ನಿಂತಿದೆಯೇ ಎಂಬುದನ್ನು ಕರೆ ಮಾಡುವ ಮೊದಲೇ ನೋಡಿಟ್ಟುಕೊಳ್ಳಿ. ವೈದ್ಯರು ಬರುವವರೆಗೆ ಕಾಳು, ಅನ್ನ ಏನೂ ಹಾಕದೆ ನೆರಳಿನಲ್ಲಿ, ಹುಲ್ಲು ಹಾಸಿದ ನೆಲದ ಮೇಲೆ, ತಲೆ ಬಡಿದುಕೊಳ್ಳದ ಜಾಗದಲ್ಲಿ ಕಟ್ಟಿರಿ.